ಸ್ವಂತ ಕರ್ನಲ್‌ಗೆ ದೂರದಿಂದ ಡೀಬಗ್: ಕೆಜಿಡಿಬಿ ಕೋಡ್ ಹಾಕಿದರೆ ಎಂಐಟಿ ಲೈಸೆನ್ಸ್ ಉಳಿಯುತ್ತಾ?

ಬೂಟ್‌ಹಾದಿ:
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ 64 ಬಿಟ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇನೆ, ಅದನ್ನು ಮೆಮೊರಿಗೆ ತರುವ ಬೂಟ್‌ಲೋಡರ್ ಕೂಡ ನನ್ನದೇ. ಕ್ಯೂಎಮು ಅನ್ನುವ ಕಂಪ್ಯೂಟರ್ ಎಮ್ಯುಲೇಟರಿನಲ್ಲಿ ಚೆನ್ನಾಗಿ ಓಡುತ್ತದೆ. ನಿಜವಾದ ಮಷೀನಿನಲ್ಲಿ ಮಾತ್ರ ಕೆಲಸಗಳಿಗೆ ಸರದಿ ಹಂಚುವ ಶೆಡ್ಯೂಲರ್ ಶುರುವಾದ ಕೂಡಲೇ ರೀಬೂಟ್ ಆಗುತ್ತದೆ, ಅದೂ ಪ್ರತಿ ಸಲ ಅಲ್ಲ. ಆ ಮಷೀನ್ ಇರುವುದು ಗೆಳೆಯನ ಮನೆಯಲ್ಲಿ. ಅವನ ಲ್ಯಾಪ್‌ಟಾಪಿಗೆ ಸೀರಿಯಲ್ ಕೇಬಲ್ ಹಾಕಿ, ಅದನ್ನು ಟಿಸಿಪಿ ಪೋರ್ಟ್ ಮಾಡಿ, ರೌಟರಿನಲ್ಲಿ ತೆರೆದು, ಇಲ್ಲಿಂದ ಜಿಡಿಬಿ ಡೀಬಗರ್ ಜೋಡಿಸಿದ್ದೇನೆ. ಒಂದೊಂದು ಸ್ಟೆಪ್‌ಗೂ ಕಾಯಬೇಕು, ತಾಳ್ಮೆ ಮುಗಿದಿದೆ.

ಇನ್ನೊಂದು ಚಿಂತೆ. ಕರ್ನಲ್ ಒಳಗೆ ಕೂತು ಜಿಡಿಬಿಗೆ ಉತ್ತರಿಸುವ ತುಣುಕಿಗೆ (ಸ್ಟಬ್) ಲಿನಕ್ಸ್ ಕರ್ನಲ್‌ನದೇ ಡೀಬಗರ್ ಆದ ಕೆಜಿಡಿಬಿಯಿಂದ ಸುಮಾರು ಕೋಡ್ ಎತ್ತಿ, ಫಂಕ್ಷನ್ ಹೆಸರು ಬದಲಿಸಿ ಹಾಕಿದ್ದೇನೆ. ನನ್ನ ಪ್ರಾಜೆಕ್ಟ್ ಎಂಐಟಿ, ಅಂದರೆ ಹೆಚ್ಚು ಷರತ್ತಿಲ್ಲದ ಲೈಸೆನ್ಸ್. ಬರೀ ಡೀಬಗ್‌ಗೆ ಬಳಸುವ ಕೋಡ್ ತಾನೆ, ತೊಂದರೆ ಇಲ್ಲ ಅಲ್ವಾ? ಕಳೆದ ವಾರ ಡೌನ್‌ಲೋಡ್‌ಗೆ ಇಟ್ಟ ಐಎಸ್‌ಒದಲ್ಲೂ (ಬೂಟ್ ಡಿಸ್ಕ್ ಫೈಲ್) ಅದು ಇದೆ. ಜಿಡಿಬಿಯೇ ಜಿಪಿಎಲ್ (ಸೇರಿಸಿ ಹಂಚಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ, ಸೋರ್ಸ್ ಸಮೇತ ಕೊಡಬೇಕು ಅನ್ನುವ ಲೈಸೆನ್ಸ್), ಅದನ್ನು ಜೋಡಿಸಿದ್ದಕ್ಕೇ ನಿನ್ನ ಕರ್ನಲ್ ಜಿಪಿಎಲ್ ಆಯಿತು ಅಂತ ಬೇರೆ ಒಬ್ಬರು ಹೇಳಿದರು.

ಸೀರಿಯಲ್‌ತಂತಿ:
ಮೊದಲು ಆ ರೌಟರ್ ಪೋರ್ಟ್ ಮುಚ್ಚಿ. ಜಿಡಿಬಿ ಪ್ರೊಟೊಕಾಲ್‌ನಲ್ಲಿ ಪಾಸ್‌ವರ್ಡ್ ಅನ್ನುವುದೇ ಇಲ್ಲ, ಜೋಡಿಸಿಕೊಂಡವರು ಯಾರೇ ಆಗಲಿ ಇಡೀ ಮೆಮೊರಿ ಓದಬಹುದು, ಬರೆಯಲೂಬಹುದು. ಎಸ್‌ಎಸ್‌ಎಚ್‌ನಲ್ಲಿ (ಸುರಕ್ಷಿತ ರಿಮೋಟ್ ಲಾಗಿನ್) ಗೆಳೆಯನ ಲ್ಯಾಪ್‌ಟಾಪಿಗೆ ಹೋಗಿ ಜಿಡಿಬಿಯನ್ನು ಅಲ್ಲೇ ಓಡಿಸಿ. ನಿಧಾನಕ್ಕೂ ಇದೇ ಮದ್ದು: ಒಂದು ಸ್ಟೆಪ್‌ಗೆ ಹಲವು ಪ್ಯಾಕೆಟ್ ಹೋಗುತ್ತವೆ, ಪ್ರತಿಯೊಂದಕ್ಕೂ ಆ ಕಡೆಯಿಂದ ಪ್ಲಸ್ ಚಿಹ್ನೆ ಬರುವ ತನಕ ಈ ಕಡೆ ಕಾಯುತ್ತದೆ, ನೀವು ಆ ಓಡಾಟವನ್ನೆಲ್ಲ ಇಂಟರ್ನೆಟ್ ಮೇಲೆ ಮಾಡಿಸುತ್ತಿದ್ದೀರಿ.

ಇನ್ನು ರೀಬೂಟ್. ಅದು ಟ್ರಿಪಲ್ ಫಾಲ್ಟ್ ಇರಬೇಕು: ಒಂದು ತಪ್ಪನ್ನು ನಿಭಾಯಿಸುವಾಗ ಇನ್ನೊಂದು (ಡಬಲ್ ಫಾಲ್ಟ್), ಅದನ್ನು ನಿಭಾಯಿಸುವಾಗ ಮತ್ತೊಂದು ಆದರೆ ಮಷೀನ್ ರೀಬೂಟ್ ಆಗುತ್ತದೆ. ಅಲ್ಲಿಗೆ ಬಂದ ಮೇಲೆ ಸ್ಟಬ್‌ಗೆ ಹಿಡಿಯಲು ಏನೂ ಉಳಿದಿರುವುದಿಲ್ಲ, ಹಾಗಾಗಿ ಡಬಲ್ ಫಾಲ್ಟ್‌ಗೆ ಬೇರೆಯದೇ ಸ್ಟ್ಯಾಕ್ ಕೊಟ್ಟು ಅದರಲ್ಲೇ ನಿಲ್ಲಿಸಿ. ನನ್ನ ಅನುಮಾನ ಬಿಎಸ್‌ಎಸ್ ಮೇಲೆ, ಅಂದರೆ ಶುರುವಿನಲ್ಲಿ ಸೊನ್ನೆ ಇರಬೇಕಾದ ವೇರಿಯಬಲ್‌ಗಳ ಜಾಗದ ಮೇಲೆ. ಕ್ಯೂಎಮು ಕೊಡುವ ಮೆಮೊರಿ ಮೊದಲೇ ಸೊನ್ನೆ ಇರುತ್ತದೆ, ನಿಜವಾದ ರ‍್ಯಾಮ್‌ನಲ್ಲಿ ಏನು ಬೇಕಾದರೂ ಇರಬಹುದು. ಬೂಟ್‌ಲೋಡರ್ ನಿಮ್ಮದೇ ಅಂದಿರಲ್ಲ, ಬಿಎಸ್‌ಎಸ್ ಸೊನ್ನೆ ಮಾಡುತ್ತಿದೆಯಾ? ರೆಡ್ ಜೋನ್ ಆಫ್ ಮಾಡಿ ಕಂಪೈಲ್ ಮಾಡಿದ್ದೀರಾ ಅದನ್ನೂ ನೋಡಿ. ಇಲ್ಲದಿದ್ದರೆ ಕಂಪೈಲರ್ ಕಾಯ್ದಿರಿಸದೆ ಬಳಸುವ, ಸ್ಟ್ಯಾಕ್ ಕೆಳಗಿನ ಆ 128 ಬೈಟ್‌ಗಳನ್ನು ಇಂಟರಪ್ಟ್ ಬಂದಾಗ ಸಿಪಿಯು ತುಳಿದು ಹಾಕುತ್ತದೆ.

ತೆರೆದಪುಟ:
ಲೈಸೆನ್ಸ್ ಬಗ್ಗೆ. ಜಿಡಿಬಿ ಜೋಡಿಸಿದ್ದಕ್ಕೆ ಏನೂ ಆಗುವುದಿಲ್ಲ. ಅದು ಬೇರೆ ಪ್ರೋಗ್ರಾಂ, ತಂತಿಯ ಆಚೆ ಇದೆ, ಪ್ರೊಟೊಕಾಲ್ ಪೂರ್ತಿ ಜಿಡಿಬಿ ಕೈಪಿಡಿಯಲ್ಲೇ ಬರೆದಿದೆ. ಕೆಜಿಡಿಬಿ ಕೋಡ್ ಎತ್ತಿದ್ದು ಮಾತ್ರ ಬೇರೆ ವಿಷಯ. 2008ರಲ್ಲಿ 2.6.26ರ ಜೊತೆ ಲಿನಕ್ಸ್ ಒಳಗೆ ಬಂದ ಆ ಕೋಡ್ ಜಿಪಿಎಲ್ 2. ಹೆಸರು ಬದಲಿಸಿದರೆ ಅದು ನಿಮ್ಮದಾಗುವುದಿಲ್ಲ, ಡೀಬಗ್‌ಗೆ ಮಾತ್ರ ಅನ್ನುವ ರಿಯಾಯಿತಿಯೂ ಅದರಲ್ಲಿ ಇಲ್ಲ. ನೀವೇ ಬರೆದ ಫೈಲುಗಳು ಎಂಐಟಿ ಆಗಿಯೇ ಇರಬಹುದು, ಆದರೆ ಎರಡೂ ಸೇರಿದ ಕರ್ನಲ್ ಅನ್ನು ಹಂಚಬೇಕಾದರೆ ಇಡಿಯಾಗಿ ಜಿಪಿಎಲ್ 2ರ ಅಡಿಯಲ್ಲೇ ಹಂಚಬೇಕು. ನಿಮ್ಮ ಮಷೀನಿನಲ್ಲಿ ಸುಮ್ನೆ ಇಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ, ಐಎಸ್‌ಒ ಹಂಚಿದಿರಿ ನೋಡಿ, ಅಲ್ಲಿಂದ ಹೊಣೆ ಶುರು.

ಆ ಐಎಸ್‌ಒ ಇಳಿಸಿ. ಈಗಾಗಲೇ ತಗೊಂಡವರಿಗೆ ಆ ಆವೃತ್ತಿಯ ಪೂರ್ತಿ ಸೋರ್ಸ್ ಜಿಪಿಎಲ್ ಪಠ್ಯದ ಜೊತೆ ಸಿಗುವಂತೆ ಇಡಿ, ಕಾಪಿರೈಟ್ ಸಾಲುಗಳನ್ನು ಅಳಿಸಿದ್ದರೆ ವಾಪಸ್ ಹಾಕಿ. ಅದನ್ನು ಬರೆದವರು ಬೇರೇನೂ ಕೇಳಿಲ್ಲ, ಅಷ್ಟಾದರೂ ಕೊಡಬೇಕು. ಮುಂದಕ್ಕೆ ಜಿಡಿಬಿ ಸೋರ್ಸ್‌ನಲ್ಲೇ ಸ್ಟಬ್ಸ್ ಅನ್ನುವ ಫೋಲ್ಡರ್ ನೋಡಿ. ಅಲ್ಲಿನ ಐ386 ಸ್ಟಬ್ ಅನ್ನು ಹ್ಯೂಲೆಟ್ ಪ್ಯಾಕರ್ಡ್ ಪಬ್ಲಿಕ್ ಡೊಮೇನ್‌ಗೆ ಕೊಟ್ಟಿದೆ, ಫೈಲಿನ ತಲೆಯಲ್ಲೇ ಹಾಗೆ ಬರೆದಿದೆ. 32 ಬಿಟ್‌ನದು, ರಿಜಿಸ್ಟರ್ ಪಟ್ಟಿಯನ್ನು ನೀವೇ ತಿದ್ದಬೇಕು.

ಬೂಟ್‌ಹಾದಿ:
ಬಿಎಸ್‌ಎಸ್ಸೇ! ಶೆಡ್ಯೂಲರ್‌ನ ಸರದಿ ಪಟ್ಟಿಯ (ರನ್ ಕ್ಯೂ) ಪಾಯಿಂಟರ್‌ನಲ್ಲಿ ಕಸ ಇತ್ತು, ಸೊನ್ನೆ ಮಾಡಿದ ಮೇಲೆ ಇಪ್ಪತ್ತು ಸಲ ಬೂಟ್ ಮಾಡಿದೆ, ಒಮ್ಮೆಯೂ ಬೀಳಲಿಲ್ಲ. ಪೋರ್ಟ್ ಮುಚ್ಚಿದೆ, ಐಎಸ್‌ಒ ಇಳಿಸಿದೆ, ಸೋರ್ಸ್ ಇಟ್ಟಿದ್ದೇನೆ. ಕೆಜಿಡಿಬಿ ಭಾಗ ತೆಗೆದು ಆ ಹಳೆಯ ಸ್ಟಬ್ ಹಾಕುತ್ತಿದ್ದೇನೆ. ಗಿಟ್ ಹಿಸ್ಟರಿಯಲ್ಲಿ ಹಳೆಯ ಕೋಡ್ ಹಾಗೇ ಇದ್ದರೆ ನಡೆಯುತ್ತಾ?

ತೆರೆದಪುಟ:
ಇರಲಿ, ಅಳಿಸಬೇಡಿ. ಆ ಕಮಿಟ್‌ಗಳು ಜಿಪಿಎಲ್ 2 ಅಂತ ರೀಡ್‌ಮಿಯಲ್ಲಿ ಬರೆಯಿರಿ, ಯಾವ ಕಮಿಟ್‌ನಿಂದ ಯಾವುದರ ತನಕ ಅನ್ನುವುದನ್ನೂ ಸೇರಿಸಿ.