ಶಟಲ್ಲೋ ಪಿಕಲ್‌ಬಾಲೋ? ಫಿಸಿಯೋ ಮೇಡಂಗೆ ಕೇಳಿ

ಹೊಸ ರಾಕೆಟ್: ಮೇಡಂ, ನಂಗೆ 41. ಶಾಲೆ ಬಿಟ್ಟ ಮೇಲೆ ಆಟ ಅಂತ ಆಡಿಲ್ಲ. ಶಟಲ್ ಶುರು ಮಾಡ್ಲಾ, ಪಿಕಲ್‌ಬಾಲಾ?

ಫಿಸಿಯೋ: ಪಿಕಲ್‌ಬಾಲ್ ಅಂದ್ರೆ ಗಟ್ಟಿ ಬ್ಯಾಟಲ್ಲಿ ತೂತಿರೋ ಪ್ಲಾಸ್ಟಿಕ್ ಚೆಂಡು ಹೊಡೆಯೋ ಆಟ. ಡಬಲ್ಸ್ ಕೋರ್ಟ್ ಎರಡಕ್ಕೂ ಒಂದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ನೆಟ್ ಬೇರೆ: ನಡುವೆ ಶಟಲ್‌ಗೆ 5 ಅಡಿ, ಪಿಕಲ್‌ಬಾಲ್‌ಗೆ 34 ಇಂಚು. ಶಟಲ್‌ನಲ್ಲಿ ಕೈ ಪದೇಪದೇ ತಲೆ ಮೇಲೆ ಹೋಗುತ್ತೆ. ಭುಜ ಹಿಡ್ಕೊಂಡಿದ್ರೆ ಪಿಕಲ್‌ಬಾಲ್. ಇಲ್ಲಾಂದ್ರೆ ಜೊತೆಗೆ ಆಡೋರು ಯಾವುದಕ್ಕೆ ಸಿಗ್ತಾರೋ ಅದು.

ತೂಕದ ಚಿಂತೆ: ಯಾವುದರಲ್ಲಿ ಬೇಗ ತೂಕ ಇಳಿಯುತ್ತೆ?

ಫಿಸಿಯೋ: ಬಿಡದೆ ಆಡೋದರಲ್ಲಿ.

ಹಳೇ ಕುಳ: ನಂಗೆ 52. 20 ವರ್ಷ ಆದ್ಮೇಲೆ ನಿನ್ನೆ ಶಟಲ್ ಆಡ್ದೆ. ಡ್ರಾಪ್ ಎತ್ತೋಕೆ ಮುಂದೆ ನುಗ್ಗಿದಾಗ ಹಿಮ್ಮಡಿ ಮೇಲೆ ಟಪ್ ಅಂತು. ಯಾರೋ ಒದ್ದರು ಅಂತ ಬೈಯೋಕೆ ತಿರುಗಿದ್ರೆ ಹಿಂದೆ ಯಾರೂ ಇಲ್ಲ! ನೋವು ಅಷ್ಟಿಲ್ಲ, ಕುಂಟ್ಕೊಂಡು ನಡೀತಿದೀನಿ. ನಂಗೆ ಪಿಕಲ್‌ಬಾಲೇ ಸರಿ ಅಲ್ವಾ?

ಫಿಸಿಯೋ: ಆಟದ ಮಾತು ಆಮೇಲೆ ಸರ್. ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ದಪ್ಪ ಸ್ನಾಯುರಜ್ಜು, ಹರಿದವರು ಹೀಗೇ ಹೇಳೋದು, ಯಾರೋ ಒದ್ದ ಹಾಗಾಯ್ತು ಅಂತ. ಬೋರಲು ಮಲಗಿ, ಪಾದ ಮಂಚದ ಅಂಚಿಂದ ಆಚೆ ಇಳಿಬಿಡಿ. ಮನೆಯವರು ಮೀನಖಂಡ ಹಿಂಡಲಿ, ಮೊದಲು ಒಳ್ಳೆ ಕಾಲಿಗೆ. ಪಾದ ತಾನಾಗೇ ಚಾಚುತ್ತೆ. ಈ ಕಾಲಲ್ಲಿ ಹಾಗಾಗದಿದ್ರೆ ಇವತ್ತೇ ಮೂಳೆ ಡಾಕ್ಟರ್ ಹತ್ರ ಹೋಗಿ. ಚಾಚಿದ್ರೂ ತೋರಿಸಿ. ನಡೆಯೋಕಾಗ್ತಿದೆ ಅಂತ ನಂಬಬೇಡಿ, ಪಕ್ಕದ ಸ್ನಾಯುಗಳು ಹೇಗೋ ಪಾದ ಎಳ್ಕೊಂಡು ಹೋಗ್ತಾವೆ. ಉಳುಕು ಅಂದ್ಕೊಂಡು ವಾರಗಟ್ಟಲೆ ಕೂತವರನ್ನ ನೋಡಿದೀನಿ. ಅಷ್ಟರಲ್ಲಿ ಹರಿದ ತುದಿಗಳು ದೂರ ಸರಿದಿರುತ್ತೆ.

ಮನೆಮದ್ದು: ಫಾರ್ವರ್ಡ್ ಬಂದದ್ದು: ಬಿಸಿ ಎಣ್ಣೆ ಹಾಕಿ ಜೋರಾಗಿ ನೀವಿ, ಮೂರೇ ದಿನಕ್ಕೆ ಓಡಬಹುದು.

ಫಿಸಿಯೋ: ಅಳಿಸಿ. ಹರಿದ ಜಾಗ ನೀವಬಾರದು, ಶಾಖವೂ ಬೇಡ. ಈ ವಾರ ಇದು ಮೂರನೇ ಎಣ್ಣೆ.

ಶಟಲ್ ಪ್ರೇಮಿ: ಪಿಕಲ್‌ಬಾಲ್ ಆಟವೇ ಅಲ್ಲ ಬಿಡಿ, ನಿಂತಲ್ಲೇ ಟೊಕ್ ಟೊಕ್.

ಸಂಜೆ ಆಟ: 1965ರಲ್ಲಿ ಅಮೆರಿಕದಲ್ಲಿ ಅದು ಹುಟ್ಟಿದ್ದೇ ಶಟಲ್ ಕೋರ್ಟ್ ಮೇಲೆ ಸ್ವಾಮಿ. ನಿಮ್ಮ ತಮ್ಮ ಅಂದ್ಕೊಳ್ಳಿ.

ಶಟಲ್ ಪ್ರೇಮಿ: ಕೈಲಾಗದ ತಮ್ಮ.

ಸಂಜೆ ಆಟ: ನೆಟ್ ಪಕ್ಕದ 7 ಅಡಿ 'ಕಿಚನ್' ಒಳಗೆ ನಿಂತು, ಪುಟಿಯೋಕೆ ಮುಂಚೆ ಚೆಂಡು ಹೊಡೆಯೋ ಹಾಗಿಲ್ಲ. ಬರೀ ಸ್ಮ್ಯಾಶ್ ಗೊತ್ತಿರೋರಿಗೆ ಅದು ಅರ್ಥ ಆಗಲ್ಲ.

ಮಂಡಿ ನೋವು: ಮೇಡಂ, ಮಂಡಿ ಸವೆದಿದ್ರೆ ಯಾವುದು ಆಡಬಹುದು?

ಶಟಲ್ ಪ್ರೇಮಿ: ಅರ್ಥ ಆಗೋಕೆ ಅದರಲ್ಲೇನಿದೆ?

ಹೊಸ ರಾಕೆಟ್: ಓಡೋ ಶೂ ಇದೆ, ಸಾಕಾ?

ಫಿಸಿಯೋ: ಸಾಲದು. ಅಟ್ಟೆ ದಪ್ಪ, ಅಡ್ಡಕ್ಕೆ ಕಾಲಿಟ್ರೆ ಕಣಕಾಲು ಹೊರಳುತ್ತೆ. ಕೋರ್ಟ್ ಶೂ ತಗೊಳ್ಳಿ. ತಲೆ ಮೇಲೆ ಬಂದ ಚೆಂಡಿಗೆ ಹಿಂದ್‌ಹಿಂದಕ್ಕೆ ಓಡಬೇಡಿ, ಮೈ ತಿರುಗಿಸಿ ಓಡಿ. ಬೀಳುವಾಗ ಕೈ ಊರಿ ಮಣಿಕಟ್ಟು ಮುರ್ಕೊಳ್ಳೋರೇ ಜಾಸ್ತಿ.

ಹೊಸ ಸದಸ್ಯ: ತೂಕ ಇಳಿಸೋಕೆ ಯಾವುದು ಒಳ್ಳೇದು?

ಫಿಸಿಯೋ: ಮೇಲೆ ಓದಿ. ಹಳೇ ಕುಳ ಸರ್, ಪಾದ ಚಾಚ್ತಾ?

ಹಳೇ ಕುಳ: ಒಳ್ಳೆ ಕಾಲಲ್ಲಿ ಚಾಚ್ತು. ಇದರಲ್ಲಿ ಅಲ್ಲಾಡ್ಲೇ ಇಲ್ಲ.

ಫಿಸಿಯೋ: ಹೊರಡಿ. ಆ ಕಾಲು ಊರಬೇಡಿ.

ಮನೆಮದ್ದು: ಎಣ್ಣೆ ಬೇಡಾಂದ್ರೆ ಲೇಪ ಹಾಕಬಹುದಾ?