ಮೀಡಿಯಂ ಫಾರ್ಮ್ಯಾಟ್ ಚಿತ್ರಗಳ ಆಳ ಎಲ್ಲಿಂದ ಬರುತ್ತದೆ?

ಪ್ರಶ್ನೆ:
ನಮ್ಮ ತಾತ ರೋಲಿಫ್ಲೆಕ್ಸ್ ಎಂಬ ಮೀಡಿಯಂ ಫಾರ್ಮ್ಯಾಟ್ (35 ಎಂಎಂಗಿಂತ ದೊಡ್ಡ ಫಿಲ್ಮ್ ಬಳಸುವ) ಕ್ಯಾಮೆರಾದಲ್ಲಿ ತೆಗೆದ ಅಜ್ಜಿಯ ಭಾವಚಿತ್ರವೊಂದು ಮನೆಯಲ್ಲಿದೆ. ಅದರಲ್ಲಿ ಕಿವಿಯೋಲೆಯಿಂದ ಹಿಂದಿನ ಬಾಗಿಲುವಾಡದವರೆಗೆ ಎಲ್ಲವೂ ಮೆಲ್ಲಮೆಲ್ಲನೆ ಹಿಂದೆ ಸರಿದಂತೆ ಕಾಣುತ್ತದೆ. ನನ್ನ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಎಷ್ಟು ಪ್ರಯತ್ನಿಸಿದರೂ ಆ ಆಳ ಸಿಗುತ್ತಿಲ್ಲ. ಇದು ನೆಗೆಟಿವ್ ಗಾತ್ರದ ಗುಣವೇ, ನನ್ನ ಭ್ರಮೆಯೇ?

ಉತ್ತರ 1:
ಭ್ರಮೆಯಲ್ಲ ಸರ್, ಆದರೆ ಅದರಲ್ಲಿ ಮಾಯೆಯೂ ಇಲ್ಲ. ವಸ್ತುಗಳ ನಡುವಿನ ಅಂತರ ಹೇಗೆ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಛಾಯಾಗ್ರಾಹಕ ನಿಂತ ದೂರವೇ ಹೊರತು ಫಿಲ್ಮಿನ ಗಾತ್ರವಲ್ಲ. ರೋಲಿಫ್ಲೆಕ್ಸ್‌ನ 6×6 (ಸೆಂ.ಮೀ.) ನೆಗೆಟಿವ್ ವಾಸ್ತವದಲ್ಲಿ ಸುಮಾರು 56 ಎಂಎಂ ಚೌಕ. ಅದರ ಮೇಲೆ 80 ಎಂಎಂ ಎಫ್/2.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ) ಲೆನ್ಸ್ ಕೊಡುವ ನೋಟ ಮತ್ತು ಮಸುಕನ್ನು ಫುಲ್ ಫ್ರೇಮ್‌ನಲ್ಲಿ ಹೆಚ್ಚುಕಡಿಮೆ 44 ಎಂಎಂ ಎಫ್/1.5 ಕೊಡುತ್ತದೆ. ನಿಮ್ಮಲ್ಲಿ 50 ಎಂಎಂ ಎಫ್/1.4 ಲೆನ್ಸ್ ಇದ್ದರೆ, ಅದನ್ನು ಪೂರ್ತಿ ತೆರೆದಾಗ ಮಸುಕಿನ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ.

ಉತ್ತರ 2:
ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಮಸುಕಿಗೆ ಮಾತ್ರ ಅನ್ವಯಿಸುತ್ತದೆ. 12 ಅಂಗುಲದ ಚೌಕ ಪ್ರಿಂಟಿಗೆ ಆ ನೆಗೆಟಿವನ್ನು ಐದೂವರೆ ಪಟ್ಟು ಹಿಗ್ಗಿಸಿದರೆ ಸಾಕು. 35 ಎಂಎಂ ಫಿಲ್ಮನ್ನಾದರೆ ಸುಮಾರು ಹನ್ನೆರಡೂವರೆ ಪಟ್ಟು ಹಿಗ್ಗಿಸಬೇಕು. ಆಗ ಗ್ರೇನ್ (ಫಿಲ್ಮಿನ ಕಣಗಳು) ಎದ್ದು ಕಂಡು, ಕೆನ್ನೆಯ ಬೆಳಕು ನೆರಳಿಗೆ ಜಾರುವ ಸೂಕ್ಷ್ಮ ಛಾಯೆಗಳು ಒಡೆಯುತ್ತವೆ. ಆಳವೆಂದು ನಮಗೆ ತೋರುವುದರಲ್ಲಿ ಈ ಛಾಯೆಗಳ ಪಾಲು ದೊಡ್ಡದು.

ಉತ್ತರ 3:
ಇನ್ನೊಂದನ್ನು ಯಾರೂ ಹೇಳಲಿಲ್ಲ. ರೋಲಿಫ್ಲೆಕ್ಸನ್ನು ಸಾಮಾನ್ಯವಾಗಿ ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಕ್ಯಾಮೆರಾದ ಮೇಲ್ಭಾಗದ ಗಾಜಿನ ಪರದೆಯಲ್ಲಿ ನೋಡುತ್ತಾರೆ. ಅಜ್ಜಿ ಕುಳಿತಿದ್ದರೆ ಲೆನ್ಸ್ ಅವರ ಮುಖದ ಎತ್ತರಕ್ಕೇ ಬಂದಿರುತ್ತದೆ. ಮೊದಲು ನಿಮ್ಮ ಕ್ಯಾಮೆರಾವನ್ನು ಅಷ್ಟು ಕೆಳಗಿಳಿಸಿ ನೋಡಿ.