ಪದಚರ್ಚೆ: ಆರ್ಗ್ ಟಿಪ್ಪಣಿ ಎನ್‌ಕ್ರಿಪ್ಟ್ ಮಾಡುವಾಗ ಕೀಲಿ ಯಾವುದು, ಕೀಲಿಕೈ ಯಾವುದು?

ಎಲ್ಲರಿಗೂ ನಮಸ್ಕಾರ.

ಈಮ್ಯಾಕ್ಸ್ ಎಂಬ ಬರಹ ತಿದ್ದುವ ಪ್ರೋಗ್ರಾಮಿನ (ಎಡಿಟರ್) ಆರ್ಗ್ ಮೋಡ್ ಎಂಬ ಭಾಗದಲ್ಲಿ ಟಿಪ್ಪಣಿ ಇಟ್ಟುಕೊಳ್ಳುವ ಗೆಳೆಯರಿಗೆ ಅಂತ ಕನ್ನಡದಲ್ಲಿ ಒಂದು ಸಹಾಯಪುಟ ಬರೆಯುತ್ತಿದ್ದೇನೆ. ಎನ್‌ಕ್ರಿಪ್ಟ್ ಮಾಡಿದ (ಬೇರೆಯವರು ಓದಲಾಗದಂತೆ ಗುಟ್ಟಾಗಿಸಿದ) ಟಿಪ್ಪಣಿ ತೆರೆಯದೇ ಹೋದರೆ ಎಲ್ಲಿ ನೋಡಬೇಕು, ಏನು ಸರಿಮಾಡಬೇಕು ಅನ್ನುವುದು ವಿಷಯ. ಕೆಲಸದ ಭಾಗ ಬರೆದಾಗಿದೆ. ಕೆಲವು ಪದಗಳ ಹತ್ತಿರ ಮಾತ್ರ ಪೆನ್ನು ನಿಂತಿದೆ. ಪದ ಸರಿಯಿಲ್ಲದಿದ್ದರೆ ಓದುವವರು ಕೊಡಬಾರದ ಫೈಲನ್ನು ಯಾರಿಗೋ ಕಳಿಸಿಬಿಡಬಹುದು. ಇಲ್ಲವೇ ವರ್ಷಗಟ್ಟಲೆ ಬರೆದ ಟಿಪ್ಪಣಿ ಕೈತಪ್ಪಿ ಹೋಗಬಹುದು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಆರ್ಗ್ ಬಳಸದವರಿಗೆ ಸ್ವಲ್ಪ ಹಿನ್ನೆಲೆ. ಆರ್ಗ್ ಮೋಡ್ ಅನ್ನು 2003ರಲ್ಲಿ ಶುರುಮಾಡಿದವರು ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ. ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ತಲೆಬರಹ, ಅದರ ಕೆಳಗಿರುವುದು ಬರಹ. ಅದರ ಜೊತೆಗೇ ಆರ್ಗ್-ಕ್ರಿಪ್ಟ್ ಎಂಬ ಭಾಗ ಬರುತ್ತದೆ. ಅದನ್ನು ಹೊಂದಿಸಿಟ್ಟು ತಲೆಬರಹಕ್ಕೆ 'ಕ್ರಿಪ್ಟ್' ಎಂಬ ಟ್ಯಾಗ್ ಹಾಕಿದರೆ, ಸೇವ್ ಮಾಡುವಾಗ ಕೆಳಗಿನ ಬರಹವೆಲ್ಲ ಜಿಪಿಜಿ ಎಂಬ ಪ್ರೋಗ್ರಾಮಿನ ಕೈಗೆ ಹೋಗಿ ಎನ್‌ಕ್ರಿಪ್ಟ್ ಆಗುತ್ತದೆ. ಆದರೆ ತಲೆಬರಹ ಹಾಗೇ ಉಳಿಯುತ್ತದೆ. ಇದನ್ನು ಎಲ್ಲರಿಗೂ ಒತ್ತಿ ಹೇಳಬೇಕು: ತಲೆಬರಹದಲ್ಲೇ ಖಾತೆ ನಂಬರ್ ಬರೆದರೆ ಅದು ಯಾರಿಗೆ ಬೇಕಾದರೂ ಕಾಣುತ್ತದೆ.

ಈಗ ಮೊದಲ ಪದ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೂ ಇದೇ: 'ಕೀ'.

ಜಿಪಿಜಿಯಲ್ಲಿ ಕೀಗಳು ಜೋಡಿಯಾಗಿ ಬರುತ್ತವೆ. ಒಂದು ಪಬ್ಲಿಕ್ ಕೀ, ಇನ್ನೊಂದು ಸೀಕ್ರೆಟ್ ಕೀ. ಎನ್‌ಕ್ರಿಪ್ಟ್ ಮಾಡುವುದಕ್ಕೆ ಮೊದಲನೆಯದು ಸಾಕು. ಮತ್ತೆ ಓದಬೇಕಾದರೆ ಎರಡನೆಯದು ಬೇಕೇ ಬೇಕು. ತಾಂತ್ರಿಕ ಬರಹಗಳಲ್ಲಿ ಇವನ್ನು 'ಸಾರ್ವಜನಿಕ ಕೀಲಿ', 'ಖಾಸಗಿ ಕೀಲಿ' ಅಂತ ಬರೆಯುವುದುಂಟು. ಆ ರೂಢಿಯಂತೆಯೇ ಕರಡಿನಲ್ಲಿ ಒಂದು ವಾಕ್ಯವಿತ್ತು: 'ನಿಮ್ಮ ಸಾರ್ವಜನಿಕ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು.'

ಕರಡನ್ನು ಇಬ್ಬರಿಗೆ ಓದಲು ಕೊಟ್ಟೆ. ಮೈಸೂರಿನವರು ಈ ವಾಕ್ಯಕ್ಕೆ ಗಾಬರಿಯಾದರು. "ಕೀ ಕೊಟ್ಬಿಟ್ರೆ ನನ್ನ ಟಿಪ್ಪಣಿ ಎಲ್ರೂ ಓದ್ತಾರಲ್ವಾ?" ಧಾರವಾಡದ ಗೆಳತಿಗೆ ಏನೂ ತೊಡಕಾಗಲಿಲ್ಲ. "ಕೀಲಿ ಕೊಟ್ರ ಏನಾತು? ಕೀಲಿಕೈ ನನ್ ಕಡೆ ಐತಲ್ಲ" ಅಂದರು.

ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗ. 'ಮನಿಗೆ ಕೀಲಿ ಹಾಕ್ಯಾರ' ಅಂದರೆ ಮನೆಗೆ ಬೀಗ ಹಾಕಿದ್ದಾರೆ ಅಂತ. ತೆಗೆಯುವುದು ಕೀಲಿಕೈ. ದಕ್ಷಿಣದ ಬರಹದಲ್ಲಿ ಕೀಲಿ ಅನ್ನುವುದೇ ತೆಗೆಯುವ ಸಾಧನ. ಒಂದೇ ಪದ, ಎರಡು ಕಡೆ ಎದುರು ಬದುರು ಅರ್ಥ. ಆಶ್ಚರ್ಯ ಏನೆಂದರೆ, ಪಬ್ಲಿಕ್ ಕೀ ಮಾಡುವ ಕೆಲಸಕ್ಕೆ ಧಾರವಾಡದ ಅರ್ಥವೇ ಸರಿಯಾಗಿ ಕೂರುತ್ತದೆ. ಎನ್‌ಕ್ರಿಪ್ಟ್ ಮಾಡುವಾಗ ಪಬ್ಲಿಕ್ ಕೀ ಏನನ್ನೂ ತೆಗೆಯುವುದಿಲ್ಲ, ಅದು ಮುಚ್ಚುತ್ತದೆ ಅಷ್ಟೇ. ಬಾಯಿ ತೆರೆದ ಬೀಗವನ್ನು ಊರಿಗೆಲ್ಲ ಹಂಚಿದರೂ ಕೀಲಿಕೈ ನಮ್ಮ ಹತ್ತಿರವೇ ಇರುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಕೀ' ಅಂತ ಹೆಸರಿಟ್ಟು ಆ ಭಾಷೆಯವರೇ ಇವತ್ತಿಗೂ ಒದ್ದಾಡುತ್ತಾರೆ. ನಾವು ಅದನ್ನೇ ಹೊತ್ತು ತರಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಇದರಿಂದ ಲಾಭ ಎಲ್ಲಿ ಅಂತ ತೋರಿಸುತ್ತೇನೆ. ಸಹಾಯಪುಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿರುವ ತೊಂದರೆ ಇದು. ಒಬ್ಬರು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಆರ್ಗ್ ಫೈಲುಗಳನ್ನೆಲ್ಲ ಕಾಪಿ ಮಾಡುತ್ತಾರೆ. ಹಳೆಯ ಯಂತ್ರದಲ್ಲಿ ಜಿಪಿಜಿಗೆ ಸುಮ್ನೆ 'ಎಕ್ಸ್‌ಪೋರ್ಟ್' ಅನ್ನುತ್ತಾರೆ. ಅದು ಪಬ್ಲಿಕ್ ಕೀ ಒಂದನ್ನೇ ಕೊಡುತ್ತದೆ. ಸೀಕ್ರೆಟ್ ಕೀ ಬೇಕಾದರೆ ಬೇರೆ ಆದೇಶವಿದೆ. ತಂದ ಕೀಯನ್ನು ಹೊಸದರಲ್ಲಿ ಸೇರಿಸಿ ಒಂದು ಟಿಪ್ಪಣಿ ಬರೆದು ಸೇವ್ ಮಾಡುತ್ತಾರೆ. ಈ ಕೀಯನ್ನು ನಂಬಬಹುದೇ ಅಂತ ಕೇಳಿದರೆ ಹೌದು ಅನ್ನುತ್ತಾರೆ. ಎನ್‌ಕ್ರಿಪ್ಟ್ ಆಗಿಬಿಡುತ್ತದೆ! ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆಮೇಲೆ ಅದೇ ಟಿಪ್ಪಣಿ ಓದಲು ಹೋದರೆ 'ನೋ ಸೀಕ್ರೆಟ್ ಕೀ' ಅಂತ ಬರುತ್ತದೆ.

ಇದನ್ನು 'ಖಾಸಗಿ ಕೀಲಿ ಇಲ್ಲ' ಅಂತ ಬರೆದರೆ ಓದುವವರು "ಕೀಲಿ ಆಗಲೇ ಹಾಕಿದೀನಲ್ಲ" ಅನ್ನುತ್ತಾರೆ. ಅವರು ಹೇಳುವುದೂ ಸರಿ, ಒಂದು ಕೀ ಹಾಕಿದ್ದಾರೆ. 'ಈ ಯಂತ್ರದಲ್ಲಿ ಬೀಗ ಇದೆ, ಕೀಲಿಕೈ ಇಲ್ಲ' ಅಂತ ಬರೆದರೆ? ಏನಾಗಿದೆ ಅನ್ನುವುದೂ ಗೊತ್ತಾಯಿತು, ಏನು ತರಬೇಕು ಅನ್ನುವುದೂ ಗೊತ್ತಾಯಿತು.

ಹಾಗಾಗಿ ನನ್ನ ಸಲಹೆ: ಪಬ್ಲಿಕ್ ಕೀಗೆ 'ಬೀಗ', ಸೀಕ್ರೆಟ್ ಕೀಗೆ 'ಕೀಲಿಕೈ'. ಬರಿ 'ಕೀಲಿ' ಅನ್ನುವುದನ್ನು ಈ ವಿಷಯದಲ್ಲಿ ಎಲ್ಲೂ ಬಳಸುವುದು ಬೇಡ. ಬೀಗ ಅಂದರೆ ಎಲ್ಲ ಕಡೆ ಗೊತ್ತು. ಕೀಲಿಕೈ ಅಂದರೆ ತೆಗೆಯುವುದೇ ಅಂತ ಬೀದರಿನಿಂದ ಚಾಮರಾಜನಗರದವರೆಗೂ ಗೊತ್ತು ಅಂತ ನನ್ನ ಅಂದಾಜು. ಇನ್ನೊಂದು ಅನುಕೂಲವೂ ಇದೆ. ಕೀಬೋರ್ಡನ್ನು ನಾವು ಕೀಲಿಮಣೆ ಅನ್ನುತ್ತೇವೆ, 'ಈ ಕೀಲಿ ಒತ್ತಿ' ಅಂತ ಬರೆಯುತ್ತೇವೆ. ಈಮ್ಯಾಕ್ಸ್‌ನಂತಹ ಎಡಿಟರ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಒಂದು ಕೀಲಿ ಒತ್ತಬೇಕು. ಅದರ ಮಧ್ಯೆ 'ಕೀಲಿ ಆರಿಸಿ' ಅಂತ ಬಂದರೆ ಯಾವ ಕೀಲಿ ಅಂತ ಕೇಳದೆ ಇರುತ್ತಾರಾ?

ಈ ಸಲಹೆಗೆ ಎದುರಾಗುವ ಮಾತುಗಳೂ ಇವೆ. ಈಮ್ಯಾಕ್ಸ್‌ನಲ್ಲಿ 'ಲಾಕ್ ಫೈಲ್' ಅಂತ ಬೇರೆಯೇ ಒಂದಿದೆ. ಒಂದು ಫೈಲನ್ನು ತಿದ್ದುತ್ತಿರುವಾಗ, ಅದನ್ನೇ ಇನ್ನೊಬ್ಬರು ತಿದ್ದಬಾರದು ಅಂತ ಚುಕ್ಕಿ ಮತ್ತು ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಒಂದು ಗುರುತನ್ನು ಅದು ಇಟ್ಟುಕೊಳ್ಳುತ್ತದೆ. ಅದಕ್ಕೂ ಗುಟ್ಟಿಗೂ ಸಂಬಂಧವಿಲ್ಲ. 'ಫೈಲಿಗೆ ಬೀಗ ಬಿದ್ದಿದೆ' ಅಂದರೆ ಯಾವ ಬೀಗ? ಅದಕ್ಕೆ 'ತಡೆಗುರುತು' ಅನ್ನೋಣ ಅಂದುಕೊಂಡಿದ್ದೇನೆ. ಆರ್ಗ್-ಕ್ರಿಪ್ಟ್‌ನಲ್ಲಿ ಕೀ ಜೋಡಿಯೇ ಇಲ್ಲದೆ, ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಒಂದರಿಂದಲೇ ಎನ್‌ಕ್ರಿಪ್ಟ್ ಮಾಡುವ ದಾರಿಯೂ ಇದೆ. ಅಲ್ಲಿ ಬೀಗವೂ ಇಲ್ಲ, ಕೀಲಿಕೈಯೂ ಇಲ್ಲ. ಆದರೆ ಅಲ್ಲಿ ಪಾಸ್‌ಫ್ರೇಸ್ ತಪ್ಪಾಗಿ ಕೊಟ್ಟರೆ ಜಿಪಿಜಿ 'ಬ್ಯಾಡ್ ಸೆಷನ್ ಕೀ' ಅನ್ನುತ್ತದೆ. ಇದನ್ನು ಪದಕ್ಕೆ ಪದ ಕನ್ನಡ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಆ ಸೆಷನ್ ಕೀ ನಾವು ಮಾಡಿದ್ದಲ್ಲ, ಜಿಪಿಜಿ ಒಳಗೊಳಗೇ ಹುಟ್ಟಿಸಿಕೊಂಡದ್ದು. 'ಪಾಸ್‌ಫ್ರೇಸ್ ಹೊಂದಲಿಲ್ಲ' ಅಂತಲೇ ಬರೆಯುತ್ತೇನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಹಿಯದು. ಡಿಜಿಟಲ್ ಸಹಿ ಹಾಕುವುದು ಸೀಕ್ರೆಟ್ ಕೀಯಿಂದ, ಅದನ್ನು ಪರೀಕ್ಷಿಸುವುದು ಪಬ್ಲಿಕ್ ಕೀಯಿಂದ. 'ಕೀಲಿಕೈಯಿಂದ ಸಹಿ ಹಾಕಿ, ಬೀಗದಿಂದ ಪರೀಕ್ಷಿಸಿ' ಅಂದರೆ ನಗು ಬರುತ್ತದೆ. ಟಿಪ್ಪಣಿಗಳ ಮಟ್ಟಿಗೆ ಸಹಿಯ ಮಾತು ಬರುವುದೇ ಇಲ್ಲ, ನನ್ನ ಪುಟ ಹೇಗೋ ನಡೆಯುತ್ತದೆ. ಆದರೆ ನಾಳೆ ಯಾರಾದರೂ ಮೇಲ್ ಬಗ್ಗೆ ಬರೆದರೆ ಅವರಿಗೆ ಬೇರೆ ಪದ ಬೇಕು. 'ಮುದ್ರೆ' ಮತ್ತು 'ಮುದ್ರೆಯ ನಮೂನೆ' ಅನ್ನಬಹುದೇ? ಹಳೆಯ ದಸ್ತಾವೇಜುಗಳ ಪರಿಚಯ ಇರುವವರು ಹೇಳಬೇಕು.

ಎರಡನೆಯದು 'ಸರಳ ಪಠ್ಯ'. ಇಲ್ಲಿ ಇಂಗ್ಲಿಷಿನದೇ ಎರಡು ಬೇರೆ ಪರಿಭಾಷೆಗಳು ಕನ್ನಡಕ್ಕೆ ಬರುವಾಗ ಒಂದಾಗಿಬಿಟ್ಟಿವೆ. ಆರ್ಗ್ ಫೈಲು ಪ್ಲೇನ್ ಟೆಕ್ಸ್ಟ್, ಅಂದರೆ ಬಣ್ಣ, ಅಳತೆ, ಅಲಂಕಾರ ಇಲ್ಲದ ಬರಿ ಅಕ್ಷರ. ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆಯುತ್ತದೆ. ಎನ್‌ಕ್ರಿಪ್ಷನ್ ಬಲ್ಲವರು ಪ್ಲೇನ್‌ಟೆಕ್ಸ್ಟ್ ಅಂದರೆ ಇನ್ನೂ ಎನ್‌ಕ್ರಿಪ್ಟ್ ಆಗದ ಬರಹ. ಆರ್ಗ್-ಕ್ರಿಪ್ಟ್‌ನಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಎನ್‌ಕ್ರಿಪ್ಟ್ ಆದ ಟಿಪ್ಪಣಿ ಮೊದಲ ಅರ್ಥದಲ್ಲಿ ಸರಳ ಪಠ್ಯವೇ, ಎರಡನೆಯ ಅರ್ಥದಲ್ಲಿ ಅಲ್ಲ.

ಎಡವಟ್ಟಾಗುವ ಜಾಗ ಇದು. ಈಮ್ಯಾಕ್ಸ್ ಆಗಾಗ ತಾನೇ ಒಂದು ಪ್ರತಿ ಉಳಿಸಿಕೊಳ್ಳುತ್ತದೆ. ಫೈಲಿನ ಹೆಸರಿನ ಎರಡೂ ಬದಿಗೆ ಹ್ಯಾಶ್ ಚಿಹ್ನೆ ಹಾಕಿ ಡಿಸ್ಕ್‌ಗೆ ಬರೆಯುತ್ತದೆ. ನೀವು ಟಿಪ್ಪಣಿಯನ್ನು ಡೀಕ್ರಿಪ್ಟ್ ಮಾಡಿ (ಅಂದರೆ ಮತ್ತೆ ಓದುವ ಬರಹವಾಗಿಸಿ) ಓದುತ್ತಾ ತಿದ್ದುತ್ತಾ ಕೂತಿರುವಾಗ ಆ ಪ್ರತಿ ಉಳಿದರೆ, ಒಳಗಿನ ಗುಟ್ಟೆಲ್ಲ ಡಿಸ್ಕ್ ಮೇಲೆ ಹಾಗೇ ಬೀಳುತ್ತದೆ. ಅದಕ್ಕೇ ಆರ್ಗ್-ಕ್ರಿಪ್ಟ್ 'ಆಟೋಸೇವ್ ನಿಲ್ಲಿಸಲೇ?' ಅಂತ ಕೇಳುತ್ತದೆ. 'ನಿಲ್ಲಿಸದಿದ್ದರೆ ಟಿಪ್ಪಣಿ ಸರಳ ಪಠ್ಯವಾಗಿ ಡಿಸ್ಕ್‌ನಲ್ಲಿ ಉಳಿಯುತ್ತದೆ' ಅನ್ನುವ ವಾಕ್ಯ ಓದಿದ ಗೆಳತಿ ಕೇಳಿದ್ದು ಹೀಗೆ: "ಆರ್ಗ್ ಅಂದ್ರನ ಸರಳ ಪಠ್ಯ ಅಂತ ಮ್ಯಾಲೆ ನೀವ ಬರದೀರಿ, ಇದ್ರಾಗ ತೊಂದ್ರಿ ಏನು?" ಎಚ್ಚರಿಕೆ ಅವರಿಗೆ ಎಚ್ಚರಿಕೆಯಾಗಿ ಕೇಳಿಸಲೇ ಇಲ್ಲ.

ನಾನು 'ಬಿಚ್ಚುಬರಹ' ಮತ್ತು 'ಗೂಢಬರಹ' ಅಂತ ಜೋಡಿ ಮಾಡಿ ನೋಡಿದೆ. ಬಿಚ್ಚುಮನಸ್ಸು, ಬಿಚ್ಚುಮಾತು ಅನ್ನುತ್ತೇವಲ್ಲ, ಅದೇ ಜಾಡು. 'ಟಿಪ್ಪಣಿ ಬಿಚ್ಚುಬರಹವಾಗಿ ಡಿಸ್ಕ್‌ನಲ್ಲಿ ಬೀಳುತ್ತದೆ' ಅಂದರೆ ಎದೆ ಸ್ವಲ್ಪ ಝಲ್ ಅನ್ನುತ್ತದೆ, ಅನ್ನಬೇಕಾದದ್ದೇ. ಒಂದೇ ತೊಡಕು: ಆರ್ಗ್‌ನಲ್ಲಿ ತಲೆಬರಹಗಳನ್ನು ಮಡಚಿ ಬಿಚ್ಚುವುದು ದಿನದ ಕೆಲಸ. ಟ್ಯಾಬ್ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. 'ಟಿಪ್ಪಣಿ ಬಿಚ್ಚಿ' ಅಂದರೆ ಮಡಿಕೆ ಬಿಚ್ಚುವುದೋ, ಡೀಕ್ರಿಪ್ಟ್ ಮಾಡುವುದೋ? ಹಾಗಾಗಿ ಕ್ರಿಯಾಪದಕ್ಕೆ 'ಬಿಚ್ಚು' ಬೇಡ, ಹೆಸರಿಗೆ ಮಾತ್ರ ಇರಲಿ ಅಂತ ಸದ್ಯಕ್ಕೆ ಅಂದುಕೊಂಡಿದ್ದೇನೆ. 'ತೆರೆಬರಹ', 'ಮೂಲಬರಹ' ಕೂಡ ಯೋಚಿಸಿದೆ. ಮೊದಲನೆಯದನ್ನು ಪರದೆ ಮೇಲಿನ ಬರಹ ಅಂತ ಓದುವವರೇ ಜಾಸ್ತಿ.

ಡೀಕ್ರಿಪ್ಟ್‌ಗೆ 'ಬಿಡಿಸು' ನನಗೆ ಒಪ್ಪಿಗೆ. 'ಒಡೆ' ಮಾತ್ರ ಖಂಡಿತ ಬೇಡ. ಗುಟ್ಟು ಒಡೆಯುವುದು, ಬೀಗ ಒಡೆಯುವುದು ಕಳ್ಳರ ಕೆಲಸ. ಕೀಲಿಕೈ ಇಲ್ಲದೆ ಭೇದಿಸುವುದಕ್ಕೆ ಆ ಪದವನ್ನು ಮೀಸಲಿಡೋಣ. ಎನ್‌ಕ್ರಿಪ್ಟ್‌ಗೆ 'ಗೂಢಲಿಪೀಕರಿಸು' ಅಂತ ನೋಡಿದ್ದೇನೆ. ಬಾಯಲ್ಲಿ ಯಾರೂ ಹಾಗನ್ನುವುದಿಲ್ಲ. 'ಎನ್‌ಕ್ರಿಪ್ಟ್ ಮಾಡು' ಎಂಬುದೇ ಇರಲಿ ಬಿಡಿ.

'ಆರ್ಮರ್' ಬಗ್ಗೆ ಒಂದು ಮಾತು. ಎನ್‌ಕ್ರಿಪ್ಟ್ ಆದ ಟಿಪ್ಪಣಿ ಐದು ಅಡ್ಡಗೆರೆ ಮತ್ತು 'ಬಿಗಿನ್ ಪಿಜಿಪಿ ಮೆಸೇಜ್' ಎಂಬ ಸಾಲಿನಿಂದ ಶುರುವಾಗುತ್ತದೆ. ಕೆಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲುಗಳು. ಈ ರೂಪಕ್ಕೆ ಆರ್ಮರ್ ಅಂತ ಹೆಸರು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಜಿಪಿಜಿಗೂ ಹಿಂದಿನ ಪಿಜಿಪಿ ಎಂಬ ಪ್ರೋಗ್ರಾಮನ್ನು ಬಿಡುಗಡೆ ಮಾಡಿದ ಕಾಲದಲ್ಲಿ ಮೇಲ್‌ಗಳಲ್ಲಿ ಬರಿ ಅಕ್ಷರಗಳೇ ಸುರಕ್ಷಿತವಾಗಿ ದಾಟುತ್ತಿದ್ದವು. ಅದಕ್ಕಾಗಿ ಮಾಡಿದ ಏರ್ಪಾಡು ಅದು. ಗುಟ್ಟು ಕಾಯುವುದು ಅದರ ಕೆಲಸವಲ್ಲ. ಆರ್ಮರ್ ಅನ್ನು 'ಕವಚ' ಅಂತ ಕನ್ನಡ ಮಾಡಿದರೆ ಕಾಯುತ್ತದೆ ಅಂತ ಅನ್ನಿಸುತ್ತದೆ. 'ಅಕ್ಷರರೂಪ' ಸಾಕಲ್ವಾ? ಆ ಸಾಲುಗಳನ್ನು ಕೈಯಿಂದ ಮುಟ್ಟಬೇಡಿ, ಪ್ಯಾರಾ ಸರಿಮಾಡುವ ಆದೇಶ ಕೊಟ್ಟು ಒಂದಕ್ಕೊಂದು ಸೇರಿಸಬೇಡಿ ಅಂತ ಹೇಳಲು ಈ ಪದ ಬೇಕು.

ಕೊನೆಯದು ಟ್ಯಾಗ್. ಇದರಲ್ಲಿ ಕನ್ನಡ ಲಿಪಿಯದೇ ಒಂದು ಸಮಸ್ಯೆ ಇದೆ, ದಯವಿಟ್ಟು ಗಮನಿಸಿ. 'ಕ್ರಿಪ್ಟ್' ಎಂಬ ಇಂಗ್ಲಿಷ್ ಟ್ಯಾಗ್ ಬದಲು ಕನ್ನಡದ ಟ್ಯಾಗ್ ಇಟ್ಟುಕೊಳ್ಳುವುದಕ್ಕೆ ಆರ್ಗ್-ಕ್ರಿಪ್ಟ್‌ನಲ್ಲಿ ಅವಕಾಶವಿದೆ. ಆದರೆ ಆರ್ಗ್ ಟ್ಯಾಗ್‌ನಲ್ಲಿ ಅಕ್ಷರ, ಅಂಕಿ, ಅಡಿಗೆರೆ ಮತ್ತು ಇನ್ನು ಮೂರು ಚಿಹ್ನೆ ಮಾತ್ರ ಇರಬಹುದು. ಜಾಗ ಬಿಡುವಂತಿಲ್ಲ, ಅಡ್ಡಗೆರೆ ಹಾಕುವಂತಿಲ್ಲ. ಈಗಿನ ಈಮ್ಯಾಕ್ಸ್ ಕನ್ನಡದ ಗುಣಿತ, ಒತ್ತು ಎಲ್ಲವನ್ನೂ ಅಕ್ಷರ ಅಂತಲೇ ಎಣಿಸುತ್ತದೆ. ಆದರೆ 'ಎನ್‌ಕ್ರಿಪ್ಟ್' ಅನ್ನುವಾಗ ನ್ ಮತ್ತು ಕ್ರಿ ಒಂದರ ಕೆಳಗೊಂದು ಕೂರದಂತೆ ನಾವು ಮಧ್ಯೆ ಹಾಕುವ ಕಣ್ಣಿಗೆ ಕಾಣದ ಅಕ್ಷರ ಇದೆಯಲ್ಲ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಆಗ ಆ ಟ್ಯಾಗ್ ಟ್ಯಾಗೇ ಅಲ್ಲ, ತಲೆಬರಹದ ಒಂದು ತುಂಡು. ಯಾವ ದೂರೂ ಬರುವುದಿಲ್ಲ. ಟಿಪ್ಪಣಿ ಬಿಚ್ಚುಬರಹವಾಗಿಯೇ ಸೇವ್ ಆಗುತ್ತದೆ.

ಹಾಗಾಗಿ ಆ ಕಾಣದ ಅಕ್ಷರ ಬೇಕಾಗದ, ಒಂದೇ ಪದದ, ಟೈಪ್ ಮಾಡಲು ಸುಲಭವಾದ ಹೆಸರು ಬೇಕು. ನನ್ನ ಆಯ್ಕೆ 'ಗುಟ್ಟು'. 'ಗೋಪ್ಯ' ಕೂಡ ಆದೀತು, ಆದರೆ 'ಗೋ'ದ ಗುಣಿತವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪಾಸ್‌ಫ್ರೇಸನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೂ ಇದೇ ಕಾರಣಕ್ಕೆ ಒಂದು ಯಂತ್ರದಲ್ಲಿ ತೆರೆದದ್ದು ಇನ್ನೊಂದರಲ್ಲಿ ತೆರೆಯದೆ ಹೋಗಬಹುದು. ಟ್ಯಾಗ್ ಬದಲಿಸಿದವರು ಇನ್ನೊಂದನ್ನೂ ಬದಲಿಸಬೇಕು: ಮೇಲಿನ ತಲೆಬರಹದ ಟ್ಯಾಗ್ ಕೆಳಗಿನವಕ್ಕೆ ತಾನಾಗಿ ಹೋಗದಂತೆ ತಡೆಯುವ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಬೇಕು. ಇಲ್ಲದಿದ್ದರೆ ಒಮ್ಮೆ ಎನ್‌ಕ್ರಿಪ್ಟ್ ಆದದ್ದೇ ಮತ್ತೆ ಎನ್‌ಕ್ರಿಪ್ಟ್ ಆಗುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಬರುವುದಕ್ಕೆ 'ಬಳುವಳಿ' ಅಂದಿದ್ದೇನೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ.

ಮುಖ್ಯವಾಗಿ ನನಗೆ ಬೇಕಾದದ್ದು ಇಷ್ಟು. ನಿಮ್ಮ ಕಡೆ ಬರಿ 'ಕೀಲಿ' ಅಂದರೆ ಹಾಕುವುದೋ, ತೆಗೆಯುವುದೋ? ಕರಾವಳಿ, ಮಲೆನಾಡು, ಬಳ್ಳಾರಿ ಕಡೆಯವರ ಮಾತು ನನಗೆ ಸರಿಯಾಗಿ ಗೊತ್ತಿಲ್ಲ. 'ಕೀಲಿಕೈ' ಅನ್ನುವುದನ್ನು ಬೀಗಕ್ಕೆ ಹೇಳುವ ಊರು ಯಾವುದಾದರೂ ಇದೆಯೇ? ಇದ್ದರೆ ನನ್ನ ಸಲಹೆ ಅಲ್ಲಿಗೇ ಬಿದ್ದುಹೋಗುತ್ತದೆ. ಊರಿನ ಹೆಸರು, ಮನೆಯಲ್ಲಿ ಆಡುವ ಒಂದು ವಾಕ್ಯ, ಎರಡನ್ನೂ ಸೇರಿಸಿ ಬರೆದರೆ ತುಂಬಾ ಉಪಕಾರವಾಗುತ್ತದೆ.